ಮೈ ಮಲಗಿತ್ತು, ನಾನು ಎಚ್ಚರವಿದ್ದೆ

ಹಳೆಯ ಹಾಸ್ಟೆಲ್ ಯಾವುದಕ್ಕೇ ಹೋಗಿ, ದೆವ್ವ ಇದೆ ಎನ್ನುವ ಕೋಣೆಯೊಂದು ಸಿಕ್ಕೇ ಸಿಗುತ್ತದೆ. ಸಾಮಾನ್ಯವಾಗಿ ಅದು ಮೂಲೆಯ ಕೋಣೆ. ಅದರಲ್ಲೂ ಗೋಡೆಗೆ ತಾಗಿದ ಒಂದು ಮಂಚ. ಅಲ್ಲಿ ಮಲಗಿದವನ ಎದೆಯ ಮೇಲೆ ನಡುರಾತ್ರಿ ಯಾರೋ ಬಂದು ಕೂರುತ್ತಾರೆ. ಕೂಗೋಣವೆಂದರೆ ದನಿ ಹೊರಡುವುದಿಲ್ಲ, ಕೈ ಎತ್ತೋಣವೆಂದರೆ ಏಳುವುದಿಲ್ಲ. ಎಷ್ಟೋ ವರ್ಷಗಳ ಹಿಂದೆ ಅದೇ ಕೋಣೆಯಲ್ಲಿ ಒಬ್ಬ ಸತ್ತಿದ್ದನಂತೆ ಎಂಬ ಉಪಕತೆಯೂ ಜೊತೆಗಿರುತ್ತದೆ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳುತ್ತಾರೆ, ಅವರು ತಮ್ಮ ಹಿಂದೆ ಬಂದವರಿಗೆ ದಾಟಿಸುತ್ತಾರೆ. ಧಾರವಾಡದಲ್ಲಿ ನಾನು ಓದುತ್ತಿದ್ದಾಗ ನಮ್ಮ ಹಾಸ್ಟೆಲಿನಲ್ಲೂ ಅಂಥ ಕೋಣೆ ಇತ್ತು. ಅದು ನನ್ನ ಕೋಣೆಯಲ್ಲ. ಆದರೂ ಆ ದೆವ್ವ ನನ್ನ ಮಂಚಕ್ಕೂ ಬಂತು.

ಪರೀಕ್ಷೆಯ ದಿನಗಳು. ರಾತ್ರಿಯಿಡೀ ಓದಿ, ಬೆಳಗಿನ ಪೇಪರ್ ಬರೆದು, ಮೆಸ್ಸಿನಲ್ಲಿ ಅನ್ನ ಸಾರು ಉಂಡು ಬಂದು ಅಂಗಾತ ಬಿದ್ದುಕೊಂಡಿದ್ದೆ. ಕಣ್ಣು ಬಿಟ್ಟಾಗ ಫ್ಯಾನು ಕಂಡಿತು. ಅದರ ರೆಕ್ಕೆಗೆ ಅಂಟಿದ ಧೂಳಿನ ಎಳೆ, ಕಿಟಕಿಯ ಸರಳಿಗೆ ಹಾಕಿದ್ದ ಟವೆಲು, ಗೋಡೆಯ ಮೇಲಿನ ಟೈಮ್ ಟೇಬಲ್ಲು, ಎಲ್ಲವೂ ಇದ್ದ ಹಾಗೇ ಇದ್ದವು. ಹೊರಗೆ ಕಾರಿಡಾರಿನಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಬರುವ ಸದ್ದು. ಅದು ನನ್ನ ಬಾಗಿಲ ಬಳಿ ನಿಂತಿತು. ಒಳಗಿನಿಂದ ಚಿಲಕ ಹಾಕಿದ್ದೇನೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಸದ್ದು ಒಳಗೆ ಬಂತು, ಮಂಚವನ್ನು ಬಳಸಿಕೊಂಡು ನನ್ನ ತಲೆಯ ಹಿಂದೆ ಹೋಗಿ ನಿಂತಿತು. ತಿರುಗಿ ನೋಡಬೇಕು. ಆದರೆ ಕುತ್ತಿಗೆ ನನ್ನ ಮಾತು ಕೇಳುತ್ತಿಲ್ಲ. ಎದೆಯ ಮೇಲೆ ನಿಧಾನವಾಗಿ ಭಾರ ಇಳಿಯತೊಡಗಿತು. ಪಕ್ಕದ ಮಂಚದ ಗೆಳೆಯನನ್ನು ಹೆಸರು ಹಿಡಿದು ಕೂಗಿದೆ; ನನ್ನ ಪಾಲಿಗೆ ಅದು ಕಿರುಚಾಟ. ಅವನಿಗೆ ಕೇಳಿಸಿದ್ದು ಗಂಟಲಿನ ಒಂದು ಸಣ್ಣ ನರಳಾಟವಂತೆ. ಅವನು ಭುಜ ಹಿಡಿದು ಅಲುಗಿಸಿದ್ದೇ ತಡ, ಎಲ್ಲವೂ ಒಮ್ಮೆಗೇ ಬಿಟ್ಟುಹೋಯಿತು. ಕೋಣೆ ಹಾಗೇ ಇತ್ತು. ಚಿಲಕವೂ ಹಾಕಿದಂತೆಯೇ ಇತ್ತು.

ಇದು ಕನಸಲ್ಲ ಎಂಬುದೇ ಇದರ ಭಯ. ಕೆಟ್ಟ ಕನಸಿನಿಂದ ಎದ್ದರೆ, ಸದ್ಯ ಕನಸು ಎಂದು ಉಸಿರು ಬಿಡಬಹುದು. ಇಲ್ಲಿ ಎದ್ದೇ ಇದ್ದೇವಲ್ಲ, ಇನ್ನು ಏಳುವುದು ಎಲ್ಲಿಗೆ?

ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಅವಳು ಗಾಬರಿಯಾಗಲಿಲ್ಲ, ನಗಲೂ ಇಲ್ಲ. ‘ಅಂಗಾತ ಮಲಗಬೇಡ, ಮಗ್ಗುಲಾಗಿ ಮಲಗು’ ಎಂದಳು. ರಾತ್ರಿ ನನ್ನ ದಿಂಬಿನಡಿ ತನ್ನ ಅಡಕತ್ತರಿ ಇಟ್ಟಳು. ಕಬ್ಬಿಣವಿದ್ದಲ್ಲಿ ಅವು ಬರುವುದಿಲ್ಲವಂತೆ. ಮಲಗುವ ಮುಂಚೆ ರಾಮ, ಸ್ಕಂದ, ಹನುಮಂತ, ಗರುಡ, ಭೀಮರನ್ನು ನೆನೆಯುವ, ದುಃಸ್ವಪ್ನ ದೂರವಾಗಲಿ ಎನ್ನುವ ಶ್ಲೋಕವನ್ನು ಮತ್ತೊಮ್ಮೆ ಬಾಯಿಪಾಠ ಮಾಡಿಸಿದಳು. ನಮ್ಮ ಎಷ್ಟೋ ಮನೆಗಳಲ್ಲಿ ಈ ಶ್ಲೋಕ ಹೇಳದೆ ಮಕ್ಕಳನ್ನು ಮಲಗಿಸುತ್ತಿರಲಿಲ್ಲ. ಅಡಕತ್ತರಿಯ ಬಗ್ಗೆ ನನಗೆ ನಂಬಿಕೆಯಿಲ್ಲ. ಆದರೆ ಮಗ್ಗುಲಾಗಿ ಮಲಗು ಎಂದ ಅವಳ ಮಾತನ್ನು ನಿದ್ರಾವಿಜ್ಞಾನವೂ ಹೇಳುತ್ತದೆ: ಈ ಅನುಭವ ಅಂಗಾತ ಮಲಗಿದವರಿಗೇ ಹೆಚ್ಚು. ಮಲಗುವ ಮುಂಚೆ ಮನಸ್ಸನ್ನು ಒಂದು ಕಡೆ ನಿಲ್ಲಿಸುವ ಅಭ್ಯಾಸದ ಬಗ್ಗೆಯೂ ಅದಕ್ಕೆ ತಕರಾರಿಲ್ಲ.

ವೈದ್ಯಕೀಯದಲ್ಲಿ ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. 1928ರಲ್ಲಿ ಬ್ರಿಟಿಷ್ ನರವೈದ್ಯ ಕಿನಿಯರ್ ವಿಲ್ಸನ್ ಇಟ್ಟ ಹೆಸರು. ಹೆಸರು ಹೊಸದು, ವರದಿ ಹಳೆಯದು: 1664ರಷ್ಟು ಹಿಂದೆಯೇ ಡಚ್ ವೈದ್ಯ ಇಸ್‌ಬ್ರಾಂಡ್ ಫಾನ್ ಡೀಮರ್‌ಬ್ರೂಕ್ ಎಂಬಾತ ಇಂಥ ಒಬ್ಬ ಮಹಿಳೆಯ ಸ್ಥಿತಿಯನ್ನು ಬರೆದಿಟ್ಟಿದ್ದಾನೆ. ಕಾರಣ ತಿಳಿಯಲು ಮಾತ್ರ ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ನಿದ್ರೆಯ ನಡುವೆ ಕಣ್ಣುಗುಡ್ಡೆಗಳು ರಭಸವಾಗಿ ಓಡಾಡುವ ಒಂದು ಘಟ್ಟವಿದೆ ಎಂದು ತೋರಿಸಿದರು. ಅದೇ ರೆಮ್ ನಿದ್ರೆ. ನಮ್ಮ ಗಾಢ ಬಣ್ಣದ, ಕತೆಯಂಥ ಕನಸುಗಳೆಲ್ಲ ಹೆಚ್ಚಾಗಿ ಬೀಳುವುದು ಆಗ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಲಿಯಾನ್ ನಗರದ ಮಿಷೆಲ್ ಜೂವೆ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಸಂಗತಿ ಕಂಡರು. ಈ ಘಟ್ಟದಲ್ಲಿ ಮಿದುಳು ಎಚ್ಚರದಷ್ಟೇ ಚುರುಕಾಗಿರುತ್ತದೆ, ಮೈಯ ಸ್ನಾಯುಗಳು ಮಾತ್ರ ಪೂರ್ತಿ ಸಡಿಲ. ಮಿದುಳುಕಾಂಡದ ಒಂದು ಸಣ್ಣ ಭಾಗ ಕೆಟ್ಟಾಗ ಆ ಬೆಕ್ಕುಗಳು ನಿದ್ರೆಯಲ್ಲೇ ಎದ್ದು ಹೊಂಚು ಹಾಕಿದವು, ಇಲ್ಲದ ಶತ್ರುವಿನ ಮೇಲೆ ಎರಗಿದವು. ಕನಸಿನಲ್ಲಿ ನಾವು ಓಡಿದಾಗ ಕಾಲು ನಿಜಕ್ಕೂ ಓಡದಂತೆ ಮಿದುಳುಕಾಂಡವೇ ಬೆನ್ನುಹುರಿಯ ನರಕೋಶಗಳಿಗೆ ತಡೆ ಹಾಕುತ್ತದೆ. ಅದು ನಮ್ಮ ರಕ್ಷಣೆಗಿರುವ ವ್ಯವಸ್ಥೆ.

ಒಮ್ಮೊಮ್ಮೆ ಎಚ್ಚರ ಮೊದಲು ಬಂದುಬಿಡುತ್ತದೆ, ತಡೆ ಇನ್ನೂ ತೆರವಾಗಿರುವುದಿಲ್ಲ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಮೈ ಮಾತ್ರ ಇನ್ನೂ ರೆಮ್ ನಿದ್ರೆಯ ವಶದಲ್ಲಿದೆ. ಕನಸು ಹೆಣೆಯುವ ಕೆಲಸವೂ ನಿಂತಿಲ್ಲ. ಅದು ಕಾಣುತ್ತಿರುವ ಕೋಣೆಯೊಳಕ್ಕೇ ತನ್ನ ಪಾತ್ರಗಳನ್ನು ಕಳಿಸುತ್ತದೆ. ಎದೆಯ ಭಾರಕ್ಕೂ ಲೆಕ್ಕವಿದೆ. ವಪೆ ತನ್ನ ಪಾಡಿಗೆ ಉಸಿರಾಡಿಸುತ್ತಿರುತ್ತದೆ, ಆದರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲಾಗಿರುತ್ತವೆ. ಹೆದರಿ ಜೋರಾಗಿ ಉಸಿರೆಳೆಯಲು ಹೋದರೆ ಎದೆ ಹಿಗ್ಗುವುದಿಲ್ಲ. ಆಗ ಯಾರೋ ಅಮುಕಿ ಹಿಡಿದಿದ್ದಾರೆ ಎನ್ನದೆ ಮಿದುಳು ಇನ್ನೇನು ಅಂದುಕೊಂಡೀತು? ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳಲ್ಲಿ ತಾನಾಗಿಯೇ ಎಲ್ಲ ಸರಿಹೋಗುತ್ತದೆ.

ನಿದ್ರೆಗೆಟ್ಟವರಿಗೆ ಇದು ಹೆಚ್ಚು. ಬಾಕಿ ಉಳಿದ ರೆಮ್ ನಿದ್ರೆಯನ್ನು ಮಿದುಳು ಸಿಕ್ಕ ಮೊದಲ ಅವಕಾಶದಲ್ಲೇ ವಸೂಲು ಮಾಡಲು ನುಗ್ಗುತ್ತದೆ. 2011ರಲ್ಲಿ ಮನಶ್ಶಾಸ್ತ್ರಜ್ಞ ಬ್ರಯಾನ್ ಶಾರ್ಪ್‌ಲೆಸ್ ಮತ್ತು ಜಾಕ್ ಬಾರ್ಬರ್ ಅಲ್ಲಿಯವರೆಗಿನ 35 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ಶೇ 7.6, ವಿದ್ಯಾರ್ಥಿಗಳಲ್ಲಿ ಶೇ 28.3. ಹಾಸ್ಟೆಲುಗಳಲ್ಲೇ ಯಾಕೆ ಇಷ್ಟು ದೆವ್ವಗಳು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ರಾತ್ರಿ ಪಾಳಿಯ ನರ್ಸು, ಲಾರಿ ಚಾಲಕ, ಬೆಂಗಳೂರಿನಲ್ಲಿ ಕೂತು ಅಮೆರಿಕದ ಗಡಿಯಾರಕ್ಕೆ ದುಡಿಯುವ ಹುಡುಗ ಹುಡುಗಿಯರು, ಹಾಲುಗೂಸಿನ ತಾಯಿ, ಇವರೆಲ್ಲರದೂ ಚೂರುಚೂರಾದ ನಿದ್ರೆಯೇ.

ಕತೆ ಕೇಳಿ ಕೇಳಿ ಹೀಗೆ ಅನಿಸುತ್ತದೆ ಎನ್ನುವವರುಂಟು. ಅದಕ್ಕೆ ಉತ್ತರವಾಗಿ ಡೇವಿಡ್ ಹಫರ್ಡ್ ಎಂಬ ಅಮೆರಿಕದ ಜಾನಪದ ವಿದ್ವಾಂಸರ ಬದುಕನ್ನೇ ತೋರಿಸಬಹುದು. 1963ರ ಡಿಸೆಂಬರಿನಲ್ಲಿ, ಕಾಲೇಜು ಹುಡುಗನಾಗಿದ್ದಾಗ, ಬಾಗಿಲು ತೆರೆದ ಸದ್ದು, ಹೆಜ್ಜೆಗಳು, ಎದೆಯ ಮೇಲೆ ಏರಿ ಕುಳಿತ ಭಾರ ಎಲ್ಲವನ್ನೂ ಅವರು ಅನುಭವಿಸಿದರು. ಅಂಥದೊಂದು ಕತೆ ಲೋಕದಲ್ಲಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. 1970ರ ದಶಕದ ಆರಂಭದಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಕ್ಷೇತ್ರಕಾರ್ಯಕ್ಕೆ ಹೋದಾಗ ಅಲ್ಲಿನ ಜನ ‘ಓಲ್ಡ್ ಹ್ಯಾಗ್’ ಎಂಬ ಮುದುಕಿ ಬಂದು ಎದೆ ಮೇಲೆ ಕೂರುತ್ತಾಳೆ ಎನ್ನುವುದನ್ನು ಕೇಳಿ ದಂಗಾದರು. ಅದು ಅವರದೇ ರಾತ್ರಿಯ ವರದಿ. ಅಲ್ಲಿನ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಶೇ 23ರಷ್ಟು ಮಂದಿ ನಮಗೂ ಆಗಿದೆ ಎಂದರು. 1982ರಲ್ಲಿ ಪ್ರಕಟವಾದ ಅವರ ಪುಸ್ತಕದ ವಾದ ಇಷ್ಟೇ: ಜನ ಕತೆ ಕೇಳಿ ಅನುಭವ ಕಟ್ಟಿಕೊಂಡಿಲ್ಲ, ಅನುಭವ ಕಂಡು ಕತೆ ಕಟ್ಟಿದ್ದಾರೆ. ಹಳ್ಳಿಯ ಜನ ಸುಳ್ಳು ಹೇಳುತ್ತಾರೆ, ಭ್ರಮೆಗೊಳಗಾಗುತ್ತಾರೆ ಎಂದು ತಳ್ಳಿಹಾಕುವ ಓದಿದವರ ಚಾಳಿಗೆ ಇಷ್ಟು ಗಟ್ಟಿಯಾದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.

ಜಪಾನಿನಲ್ಲಿ ಇದು ಕನಾಶಿಬಾರಿ. ಬ್ರೆಜಿಲಿನಲ್ಲಿ ಹೊಟ್ಟೆಬಿರಿಯೆ ಉಂಡು ಅಂಗಾತ ಮಲಗಿದವರನ್ನು ತುಳಿಯುವ, ಉದ್ದುಗುರಿನ ಪಿಸಡೇರ. ತಮಿಳುನಾಡಿನಲ್ಲಿ ಅಮುಕ್ಕುವ ಪೇಯಿ. 1781ರಲ್ಲಿ ಹೆನ್ರಿ ಫ್ಯೂಸೆಲಿ ಬರೆದ, ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಜನರನ್ನು ಬೆಚ್ಚಿಬೀಳಿಸಿದ ಚಿತ್ರದಲ್ಲಿ ಅಂಗಾತ ಬಿದ್ದ ಹೆಣ್ಣಿನ ಎದೆಯ ಮೇಲೆ ಕುಳ್ಳ ವಿಕಾರ ಪ್ರಾಣಿಯೊಂದು ಕುಕ್ಕರಗಾಲಲ್ಲಿ ಕೂತಿದೆ. ಧಾರವಾಡದ ಹಾಸ್ಟೆಲಿನ ಹುಡುಗನಿಗೆ ಆ ಚಿತ್ರ ತೋರಿಸಿದರೆ ವಿವರಣೆ ಬೇಕಾಗಲಾರದು.

ಅನುಭವ ಎಲ್ಲ ಕಡೆ ಒಂದೇ ಆದರೂ ಅದರ ಕಾಟ ಎಲ್ಲ ಕಡೆ ಒಂದೇ ಅಲ್ಲ. ಬಾಲಂದ್ ಜಲಾಲ್ ಎಂಬ ಸಂಶೋಧಕ ಈಜಿಪ್ಟ್ ಮತ್ತು ಡೆನ್ಮಾರ್ಕಿನ ಜನರನ್ನು ಹೋಲಿಸಿ ನೋಡಿದರು. ಡೆನ್ಮಾರ್ಕಿನವರು ಇದನ್ನು ಮಿದುಳಿನ ಯಾವುದೋ ಎಡವಟ್ಟು ಎಂದೋ, ಸರಿಯಾಗಿ ಮಲಗದ್ದರ ಫಲವೆಂದೋ ಬಿಟ್ಟುಬಿಡುತ್ತಾರೆ. ಈಜಿಪ್ಟಿನಲ್ಲಿ ಅನೇಕರಿಗೆ ಇದು ಜಿನ್ ಕಾಟ. ಅಲ್ಲಿನವರಿಗೆ ಇದು ಹೆಚ್ಚು ಸಲ ಬರುತ್ತದೆ, ಹೆಚ್ಚು ಹೊತ್ತು ಇರುತ್ತದೆ, ಸತ್ತೇಹೋಗುತ್ತೇನೆಂಬ ಭಯ ಹೆಚ್ಚು. ಸುತ್ತು ಹೀಗೆ ತಿರುಗುತ್ತದೆ: ಭಯದಿಂದ ನಿದ್ರೆ ಕೆಡುತ್ತದೆ, ಕೆಟ್ಟ ನಿದ್ರೆಯಿಂದ ಮತ್ತೆ ಅದೇ ರಾತ್ರಿ. ಅಮೆರಿಕಕ್ಕೆ ವಲಸೆ ಹೋದ ಲಾವೋಸ್ ಮೂಲದ ಹ್ಮಾಂಗ್ ಜನರಲ್ಲಿ 1970ರ ದಶಕದ ಕೊನೆಯಿಂದ ಆರೋಗ್ಯವಂತ ಗಂಡಸರು ನಿದ್ರೆಯಲ್ಲೇ ಸತ್ತ ಪ್ರಕರಣಗಳ ಸರಣಿಯೇ ಇದೆ. ಹೃದಯದ ಬಡಿತ ತಪ್ಪುವ ವಂಶವಾಹಿ ದೋಷವನ್ನು ವೈದ್ಯರು ಗುರುತಿಸಿದ್ದಾರೆ. ಜೊತೆಗೆ, ರಾತ್ರಿ ಬಂದು ಎದೆ ಅಮುಕುವ ‘ದಾ ಚೊ’ ಎಂಬ ಆತ್ಮವನ್ನು ತಡೆಯುವ ಪೂಜೆ ಪರದೇಶದಲ್ಲಿ ಮಾಡಲಾಗಲಿಲ್ಲವೆಂಬ ಭೀತಿಯೂ ಆ ದುರ್ಬಲ ಹೃದಯಗಳನ್ನು ಕಾಡಿತು ಎಂದು ಷೆಲ್ಲಿ ಆಡ್ಲರ್ ಎಂಬ ಸಂಶೋಧಕಿ ವಾದಿಸಿದ್ದಾರೆ. ಸ್ಲೀಪ್ ಪ್ಯಾರಾಲಿಸಿಸ್‌ನಿಂದ ಜೀವ ಹೋಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆದರೆ ಅದರ ಸುತ್ತ ಬೆಳೆದ ಭಯ ಸಣ್ಣ ಸಂಗತಿಯಲ್ಲ.

ನಮ್ಮಲ್ಲಿ ಆ ಭಯದ ಬೆಲೆ ತೆರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ರಾತ್ರಿ ಯಾರೋ ಬಂದು ಅಮುಕಿದ ಹಾಗಾಯಿತು ಎಂದು ಗಂಡು ಹುಡುಗ ಹೇಳಿದರೆ ಹಾಸ್ಟೆಲಿನ ಕತೆಯಾಗುತ್ತದೆ. ಹೊಸದಾಗಿ ಬಂದ ಸೊಸೆ ಹೇಳಿದರೆ ‘ಗಾಳಿ ಸೋಕಿದೆ’, ‘ಏನೋ ಮೆಟ್ಟಿಕೊಂಡಿದೆ’. ತಾಯಿತ, ಅಂತ್ರ, ನಿಂಬೆಹಣ್ಣಿನಲ್ಲಿ ಮುಗಿದರೆ ಪುಣ್ಯ. ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿ ಹೊಗೆಯವರೆಗೂ ಹೋಗುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಕರ್ನಾಟಕದಲ್ಲಿ ಅಪರಾಧ. 2017ರಲ್ಲಿ ರೂಪುಗೊಂಡ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಕಾಯ್ದೆಗಿಂತ ಮೊದಲು ಆ ಹುಡುಗಿಗೆ ಬೇಕಾದದ್ದು ‘ನನಗೂ ಆಗಿತ್ತು, ಏನೂ ಆಗುವುದಿಲ್ಲ’ ಎನ್ನುವ ಒಬ್ಬ ಓರಗಿತ್ತಿ.

ನನಗೆ ಆ ಮಾತು ಹೇಳಿದ್ದು ಬೆಂಗಳೂರಿನಲ್ಲಿ ಸಿಕ್ಕ ಒಬ್ಬ ವೈದ್ಯ ಸ್ನೇಹಿತ. ‘ಒದ್ದಾಡಬೇಡ. ಇಡೀ ಮೈ ಎಬ್ಬಿಸಲು ಹೋಗಬೇಡ. ಕಣ್ಣು ಆಡಿಸು, ನಾಲಿಗೆ ಆಡಿಸಿ ನೋಡು, ಕಾಲಿನ ಒಂದು ಬೆರಳಿನ ಮೇಲೆ ಮನಸ್ಸಿಡು. ಇದು ರೆಮ್ ನಿದ್ರೆ, ಮುಗಿಯುತ್ತದೆ ಅಂತ ಹೇಳಿಕೋ.’ ಜಲಾಲ್ ರೂಪಿಸಿದ ಚಿಕಿತ್ಸಾ ಕ್ರಮದ ಸಾರವೂ ಹೆಚ್ಚುಕಡಿಮೆ ಇದೇ ಎಂದು ಆಮೇಲೆ ಓದಿದೆ: ಆಗುತ್ತಿರುವುದೇನೆಂದು ಅರ್ಥ ಮಾಡಿಕೊಳ್ಳುವುದು, ಹೆದರಬೇಕಿಲ್ಲವೆಂದು ಹೇಳಿಕೊಳ್ಳುವುದು, ಮನಸ್ಸನ್ನು ಪ್ರೀತಿಯ ಒಂದು ವಿಷಯದ ಮೇಲೆ ನಿಲ್ಲಿಸುವುದು, ಸ್ನಾಯುಗಳನ್ನು ಸಡಿಲ ಬಿಡುವುದು.

ಮುಂದೆ ಅದು ಬಂದ ಒಂದು ಬೆಳಗಿನ ಜಾವ ಹಾಗೇ ಮಾಡಿದೆ. ಹೆಜ್ಜೆ ಸದ್ದು ಬಂತು, ಬರಲಿ ಎಂದುಕೊಂಡೆ. ಭಾರ ಇಳಿಯಿತು, ಒದ್ದಾಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಭಾರವೇ ತಿರುಗಿ ಹಗುರವಾಯಿತು. ಹಾಸಿಗೆಯಿಂದ ಮೇಲೆ ತೇಲಿದಂತೆ, ಪಕ್ಕಕ್ಕೆ ಉರುಳಿದಂತೆ ಆಯಿತು. ಆಮೇಲೆ ನೋಡಿದರೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ.

ಎದುರಿಗೆ ಕೆಂಪು ಬಸ್ಸು. ಬೋರ್ಡಿನಲ್ಲಿ ‘ತೀರ್ಥಹಳ್ಳಿ’ ಎಂದಿತ್ತು. ಬೇರೆ ಕಡೆ ನೋಡಿ ಮತ್ತೆ ಓದಿದೆ. ಈಗ ‘ಳ’ಕಾರದ ಕೆಳಗಿನ ಒತ್ತು ಜಾರಿ ಹಿಂದಿನ ಅಕ್ಷರಕ್ಕೆ ಅಂಟಿಕೊಂಡಿತ್ತು, ಮೂರನೇ ಸಲ ನೋಡುವಾಗ ಬೋರ್ಡಿನಲ್ಲಿದ್ದದ್ದು ಯಾವ ಊರೂ ಅಲ್ಲ. ಆಗ ತಿಳಿಯಿತು, ಇದು ಕನಸು. ತಿಳಿದ ಮೇಲೂ ಬಸ್ಸು ಅಲ್ಲೇ ಇತ್ತು. ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು, ಇಂಜಿನ್ನಿನ ನಡುಕ ಮೊಣಕೈವರೆಗೂ ಬಂತು. ನನ್ನ ನಿಜವಾದ ಕೈ ಬೆಂಗಳೂರಿನಲ್ಲಿ ಕಂಬಳಿಯ ಒಳಗೆ ಸಡಿಲವಾಗಿ ಬಿದ್ದಿದೆ ಎಂಬುದೂ ಅದೇ ಗಳಿಗೆಯಲ್ಲಿ ಗೊತ್ತಿತ್ತು. ಆ ಸಂತೋಷವನ್ನು ತಡೆಯಲಾಗದೆ ಎಚ್ಚರವಾಯಿತು. ಹೊಸಬರಿಗೆ ಸಾಮಾನ್ಯವಾಗಿ ಆಗುವುದೇ ಹೀಗೆ. ಕನಸಿನಲ್ಲೇ ಅಂಗೈ ಉಜ್ಜಿಕೊಂಡರೆ, ಇಲ್ಲವೇ ಗಿರ್ರನೆ ಸುತ್ತಿದರೆ ಕನಸು ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂದು ಇದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ.

ಇದು ಲೂಸಿಡ್ ಡ್ರೀಮ್, ಎಚ್ಚರದ ಕನಸು. 1913ರಲ್ಲಿ ಡಚ್ ಲೇಖಕ ಮತ್ತು ಮನೋವೈದ್ಯ ಫ್ರೆಡರಿಕ್ ಫಾನ್ ಏಡೆನ್ ತನ್ನ ಕನಸುಗಳ ದಾಖಲೆಯ ಮೇಲೆ ಬರೆದ ಪ್ರಬಂಧದಲ್ಲಿ ಈ ಹೆಸರು ಕೊಟ್ಟ. ವಿಜ್ಞಾನಿಗಳು ಬಹುಕಾಲ ನಂಬಲಿಲ್ಲ. ಕನಸು ಕಾಣುತ್ತಿರುವವನು ತನಗೆ ಎಚ್ಚರವಿದೆ ಎಂದು ಸಾಬೀತುಪಡಿಸುವುದು ಹೇಗೆ? ಅವನ ಮೈಯೇ ಕಟ್ಟಿಹಾಕಿದೆಯಲ್ಲ! ಉತ್ತರ ಹೊಳೆದದ್ದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್‌ಗೆ. ರೆಮ್ ನಿದ್ರೆ ಇಡೀ ಮೈಯನ್ನು ಕಟ್ಟಿದರೂ ಕಣ್ಣನ್ನು ಕಟ್ಟುವುದಿಲ್ಲ. ಹಾಗಾದರೆ ಕಣ್ಣೇ ಮಾತಾಡಲಿ. 1975ರ ಏಪ್ರಿಲ್ 12ರ ಬೆಳಿಗ್ಗೆ, ಅಲನ್ ವರ್ಸ್ಲಿ ಎಂಬಾತ ಪ್ರಯೋಗಾಲಯದಲ್ಲಿ ಮಲಗಿದ್ದ. ಕನಸೆಂದು ಅರಿವಾದ ಕೂಡಲೇ, ಮೊದಲೇ ಮಾತಾಡಿಕೊಂಡಂತೆ ಎಡಕ್ಕೂ ಬಲಕ್ಕೂ ಕಣ್ಣು ಹೊರಳಿಸಿದ. ರೆಮ್ ನಿದ್ರೆಯ ಕೆದರಿದ ಗೆರೆಗಳ ನಡುವೆ ಅಚ್ಚುಕಟ್ಟಾದ ಅಲೆಗಳ ಸಾಲೊಂದು ಯಂತ್ರದ ಕಾಗದದ ಮೇಲೆ ಮೂಡಿತು. ಕನಸಿನ ಒಳಗಿನಿಂದ ಹೊರಗೆ ಬಂದ ಮೊದಲ ಸಂದೇಶ ಅದು. ಕೆಲವೇ ವರ್ಷಗಳ ನಂತರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬೆರ್ಜ್ ಸ್ವತಂತ್ರವಾಗಿ ಇದನ್ನೇ ಮಾಡಿ ತೋರಿಸಿ, ಕಲಿಯುವ ವಿಧಾನಗಳನ್ನೂ ರೂಪಿಸಿದರು. ಬೋರ್ಡನ್ನು ಎರಡು ಸಲ ಓದಿ ನೋಡುವ ಪರೀಕ್ಷೆ ನಾನು ಕಲಿತದ್ದು ಅವರ ಬರಹಗಳಿಂದಲೇ.

ನನ್ನನ್ನು ಹೆದರಿಸಿದ ಕಟ್ಟು ಯಾವುದೋ, ಈ ಪ್ರಯೋಗವನ್ನು ಸಾಧ್ಯವಾಗಿಸಿದ್ದೂ ಅದೇ. ಎದೆಯ ಮೇಲಿನ ಭಾರವೂ ಶಿವಮೊಗ್ಗದ ಬಸ್ಸೂ ಒಂದೇ ರೆಮ್ ನಿದ್ರೆಯೊಳಗೆ ಎಚ್ಚರ ಹೊಕ್ಕ ಎರಡು ಬಗೆ. ಮೊದಲನೆಯದರಲ್ಲಿ ಎಚ್ಚರಕ್ಕೆ ತಾನೆಲ್ಲಿದ್ದೇನೆಂದು ತಿಳಿದಿಲ್ಲ, ಎರಡನೆಯದರಲ್ಲಿ ತಿಳಿದಿದೆ.

2021ರಲ್ಲಿ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ನಾಲ್ಕು ಪ್ರಯೋಗಾಲಯಗಳು ಸೇರಿ, ಕನಸು ಕಾಣುತ್ತಿರುವವರಿಗೆ ಹೊರಗಿನಿಂದ ಪ್ರಶ್ನೆ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು? ಮಲಗಿದ್ದವನ ಕಣ್ಣು ಎಡಬಲ ಎರಡು ಸಲ ಹೊರಳಿತು. 158 ಸಲ ಕೇಳಿದ್ದರಲ್ಲಿ ಸರಿಯುತ್ತರ ಬಂದದ್ದು ಶೇ 18ರಷ್ಟು ಮಾತ್ರ. ಹೆಚ್ಚಿನ ಸಲ ಉತ್ತರವೇ ಬರಲಿಲ್ಲ. ಆದರೆ ಬಂದ ಉತ್ತರಗಳು ಸಾಕು. ಒಬ್ಬರಿಗೆ ಆ ಪ್ರಶ್ನೆ ಕನಸಿನಲ್ಲಿದ್ದ ಕಾರಿನ ರೇಡಿಯೊದಿಂದ ಬಂದಂತೆ ಕೇಳಿಸಿತಂತೆ.

ನಮ್ಮ ನೆಲದಲ್ಲಿ ಇದು ಹೊಸ ಚಿಂತೆಯಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕ ರಾಜನಿಗೆ ಕನಸಿನ ಬಗ್ಗೆ ಹೇಳುವ ಭಾಗವಿದೆ: ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ, ಕನಸುಗಾರ ತಾನೇ ಅವನ್ನೆಲ್ಲ ಸೃಷ್ಟಿಸಿಕೊಳ್ಳುತ್ತಾನೆ ಎನ್ನುತ್ತಾನೆ ಆತ. ಕನಸನ್ನು ಈ ಲೋಕಕ್ಕೂ ಪರಲೋಕಕ್ಕೂ ನಡುವಿನ ಸಂಧಿಸ್ಥಾನ ಎನ್ನುತ್ತಾನೆ. ಮಾಂಡೂಕ್ಯವು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಬೇರ್ಪಡಿಸಿ ನೋಡಿತು. ಟಿಬೆಟಿನ ಬೌದ್ಧರು ನಾರೋಪನ ಆರು ಯೋಗಗಳಲ್ಲಿ ಕನಸಿನ ಯೋಗವನ್ನೂ ಸೇರಿಸಿಕೊಂಡು, ಕನಸನ್ನು ಕನಸೆಂದು ಅರಿಯುವುದನ್ನೇ ಸಾಧನೆ ಮಾಡಿಕೊಂಡರು. ಇಲ್ಲದ ಬಸ್ಸಿನ ಬಾನೆಟ್ಟಿನ ಮೇಲೆ ಕೈಯಿಟ್ಟ ಮೇಲೆ ಯಾಜ್ಞವಲ್ಕ್ಯನ ಆ ಮಾತು ನನಗೆ ತತ್ವವಾಗಿ ಉಳಿದಿಲ್ಲ. ಕಣ್ಣಾರೆ ಕಂಡವನ ವರದಿಯಾಗಿ ಕೇಳಿಸುತ್ತದೆ.

ಹಾಗೆಂದು ಎಚ್ಚರದ ಕನಸಿನ ಬೆನ್ನು ಹತ್ತಿ ನಿದ್ರೆ ಹಾಳುಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನಸುಕಿನಲ್ಲಿ ಅಲಾರಂ ಇಟ್ಟು ಎದ್ದು ಮತ್ತೆ ಮಲಗುವ ವಿಧಾನವೊಂದು ಯುವಕರಲ್ಲಿ ಜನಪ್ರಿಯವಾಗಿದೆ. ಅದು ಫಲ ಕೊಡುತ್ತದೆ ನಿಜ; ಹಾಗೆ ಮುರಿದ ನಿದ್ರೆಯೇ ಸ್ಲೀಪ್ ಪ್ಯಾರಾಲಿಸಿಸ್‌ಗೂ ದಾರಿ ಎಂಬುದೂ ಅಷ್ಟೇ ನಿಜ. ಪರೀಕ್ಷೆ ಇರುವವರು, ವಾಹನ ಓಡಿಸುವವರು, ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುತ್ತಿರುವವರು ಅದರ ತಂಟೆಗೆ ಹೋಗದಿರುವುದೇ ಲೇಸು. ಕನಸು ತಾನಾಗಿ ಬಂದಾಗ ಗುರುತಿಸಿದರೆ ಸಾಕು.

ಅಪರೂಪಕ್ಕೊಮ್ಮೆ ಮೈ ಕಟ್ಟಿದಂತಾದರೆ ಔಷಧ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ಮಲಗಿ, ಮಗ್ಗುಲಾಗಿ ಮಲಗಿ. ಪದೇಪದೇ ಆಗುತ್ತಿದ್ದರೆ, ಹಗಲು ತಡೆಯಲಾರದ ನಿದ್ರೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತಿದ್ದರೆ ನಾರ್ಕೊಲೆಪ್ಸಿ ಎಂಬ ಕಾಯಿಲೆ ಇರಬಹುದು; ನರರೋಗ ತಜ್ಞರನ್ನು ಕಾಣಿರಿ. ಅದಕ್ಕೆ ಚಿಕಿತ್ಸೆಯಿದೆ. ಹಾಸ್ಟೆಲಿಗೆ ಮಗನನ್ನೋ ಮಗಳನ್ನೋ ಬಿಡಲು ಹೋಗುವವರು ಹಾಸಿಗೆ, ಬಕೆಟ್ಟುಗಳ ಜೊತೆ ಈ ಒಂದು ಮಾತನ್ನೂ ಹೇಳಿ ಬನ್ನಿ: ರಾತ್ರಿ ಹಾಗೆ ಆದರೆ ಅದು ನಿದ್ರೆ, ದೆವ್ವವಲ್ಲ, ಹೆದರಬೇಡ, ಬೆಳಿಗ್ಗೆ ಫೋನು ಮಾಡು.